ಮುರಕಲ್ಲಿನ ನೆಲದಲ್ಲಿ ಮನೆಯ ಕಾಯಿಪಲ್ಲೆ

ಮಂಗಳೂರಿನ ಹಳೆಯ ಮನೆಗಳಲ್ಲಿ, ಮಳೆಗಾಲದ ದಿನಗಳಲ್ಲಿ ತಲೆಯೆತ್ತಿ ನೋಡಿದರೆ, ಮಾಡಿನ ಅಡ್ಡಗಳಿಂದ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿಗಳು ಸಾಲಾಗಿ ತೂಗುತ್ತಿದ್ದುವು. ಬೇಸಗೆಯಲ್ಲಿ ಬೆಳೆದ ಕಾಯಿ ಆಟಿಯ ಸಾರಿಗೆ ಒದಗುತ್ತಿತ್ತು. ನೆಲಕ್ಕೆ ತಗಲಿದ ಕಾಯಿಯ ಕೆಳಬದಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ; ತೂಗುವ ಕಾಯಿಗೆ ಸುತ್ತಲೂ ಗಾಳಿಯುಂಟು. ಸರಳವಾದ ಈ ಉಪಾಯದ ಹಿಂದೆ ಒಂದು ಪ್ರಶ್ನೆಯಿದೆ. ಇಷ್ಟೊಂದು ಮಳೆ ಬೀಳುವ ಊರಿನಲ್ಲಿ, ಮಳೆಗಾಲಕ್ಕೆಂದೇ ತರಕಾರಿಯನ್ನು ಕೂಡಿಡಬೇಕಾದುದೇಕೆ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. 100 ಚದರ ಮೀಟರಿನ ಅಂಗಳವೊಂದರ ಮೇಲೆ ಸುರಿಯುವ ನೀರನ್ನು ಲೆಕ್ಕಹಾಕಿರಿ: ಮೂರೂವರೆ ಲಕ್ಷ ಲೀಟರು! ಲಕ್ಷಾಂತರ ವರ್ಷಗಳಿಂದ ಇಂತಹ ಮಳೆ ಬಂಡೆಯನ್ನು ಕರಗಿಸಿ, ಸುಣ್ಣ, ಪೊಟ್ಯಾಸಿಯಂ ಮೊದಲಾದುವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿದೆ. ಅದೇ ನಮ್ಮ ಕೆಂಪು ಮುರಕಲ್ಲು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಂತಹ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನಿತ್ತನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ಮನೆಕಟ್ಟಲು ಉತ್ತಮವಾದ ಈ ನೆಲ ಗಿಡಕ್ಕೆ ಅಷ್ಟು ಉದಾರಿಯಲ್ಲ. ಅದು ಆಮ್ಲಗುಣದ್ದು, ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯುಮಿನಿಯಂಗಳು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತವೆ. ನೈಟ್ರೇಟಿನ ಗತಿ ಇದಕ್ಕೆ ವಿರುದ್ಧ: ಅದು ಮಣ್ಣಿಗಂಟದೆ ಮಳೆನೀರಿನೊಡನೆ ಹರಿದುಹೋಗುತ್ತದೆ. ಆದುದರಿಂದ ಮಳೆಗಾಲದಲ್ಲಿ ಗೊಬ್ಬರವನ್ನು ಒಮ್ಮೆಲೇ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಹಾಕಬೇಕು. ಚಿಪ್ಪಿನ ಸುಣ್ಣವೂ ಒಲೆಯ ಬೂದಿಯೂ ಹುಳಿಯನ್ನು ತಗ್ಗಿಸುತ್ತವೆ. ತರಗೆಲೆಯೊಡನೆ ಮಣ್ಣನ್ನು ನಿಧಾನವಾಗಿ ಬೇಯಿಸಿ ‘ಸುಡುಮಣ್ಣು’ ಮಾಡುವ ಹಿರಿಯರ ಪದ್ಧತಿಯಲ್ಲಿ, ಬೂದಿಯ ಪೊಟ್ಯಾಸಿಯಂ ಮಣ್ಣಿಗೆ ಸೇರುವುದಲ್ಲದೆ ಕಳೆಬೀಜಗಳೂ ಸಾಯುತ್ತವೆ.

ಇನ್ನು ಕಾಲವನ್ನರಿತು ಬಿತ್ತುವ ಮಾತು. ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆಗೆ, ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಗಳ ಬೀಜವನ್ನು ಎತ್ತರಿಸಿದ ಏರಿಯ ಮೇಲೆ ಹಾಕಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಬೇರುಗಳೂ ನಮ್ಮಂತೆ ಉಸಿರಾಡಬೇಕಷ್ಟೆ. ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸಿದರೆ ಎಲೆ ಬೇಗನೆ ಒಣಗಿ ರೋಗ ಕಡಿಮೆಯಾಗುತ್ತದೆ. ಎಡೆಬಿಡದ ಮಳೆಯಲ್ಲಿ ಜೇನ್ನೊಣಗಳು ಹೊರಡುವುದಿಲ್ಲ. ಆಗ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ನೀವೇ ಸವರಬಹುದು. ಹೀರೆಯ ಹೂವು ಅರಳುವುದು ಸಂಜೆಯಲ್ಲಿ ಎಂಬುದನ್ನು ಮರೆಯದಿರಿ. ಕೆಸುವಂತೂ ತಾನಾಗಿಯೇ ಬೆಳೆಯುವುದು. ಅದರ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳೇ ತುರಿಕೆಗೆ ಕಾರಣ. ಹುಣಿಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸಿದ ಪತ್ರೊಡೆ ಬಾಯಿಯನ್ನು ತುರಿಸದು.

ಮಳೆ ಹಿಂದೆಗೆದ ಮೇಲೆ ಹರಿವೆ, ಬಸಳೆ, ಅಲಸಂಡೆ, ಸೌತೆಗಳ ಸರದಿ. ಬಸಳೆಗೆ ಬೀಜವೂ ಬೇಡ. ಅಡುಗೆಗೆ ತಂದ ದಂಟಿನ ತುಂಡೊಂದನ್ನು ನೆಟ್ಟರೆ ಗಂಟಿನಿಂದ ಬೇರೊಡೆಯುತ್ತದೆ. ಹರಿವೆಯಾದರೋ ಜೋಳ, ಕಬ್ಬುಗಳಂತೆ, ಬಿಸಿಲು ಸೆಖೆಗಳಲ್ಲಿಯೂ ಇಂಗಾಲಾಮ್ಲವನ್ನು ಚುರುಕಾಗಿ ಹಿಡಿದುಕೊಳ್ಳುವ ವಿಶೇಷ ಏರ್ಪಾಡನ್ನು ಪಡೆದ ಗಿಡ.

ಅಂಗಳವಿಲ್ಲದವರು ತಾರಸಿಯ ಮೇಲೆ ಬೆಳೆಯಬಹುದು; ಆದರೆ ತೂಕದ ಎಚ್ಚರವಿರಲಿ. 30 ಲೀಟರಿನ ಕುಂಡದಲ್ಲಿ ಹಸಿಮಣ್ಣು ತುಂಬಿದರೆ ಸುಮಾರು 50 ಕಿಲೋಗ್ರಾಂ. ಇಪ್ಪತ್ತು ಕುಂಡವೆಂದರೆ ಒಂದು ಟನ್ನು! ತೆಂಗಿನ ನಾರಿನ ಹುಡಿಯನ್ನೂ ಕಾಂಪೋಸ್ಟನ್ನೂ ಬೆರಸಿ ಭಾರವನ್ನು ತಗ್ಗಿಸಬೇಕು.

ಇದೆಲ್ಲ ಬರಿಯ ಹವ್ಯಾಸವೆನ್ನುವಿರಾ? ಪೇಟೆಯ ತರಕಾರಿಯಲ್ಲಿ ಬಹಳಷ್ಟು ಘಟ್ಟವಿಳಿದು ಬರುವಂಥದು. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ದಾರಿ ಮುಚ್ಚಿತು; ಭಾರದ ಲಾರಿಗಳು ತಿಂಗಳುಗಟ್ಟಲೆ ಆ ದಾರಿಯಲ್ಲಿ ಇಳಿಯಲಾಗಲಿಲ್ಲ. ದಾರಿ ಕಡಿದಾಗ ಊಟಕ್ಕೇನು ಎಂಬುದನ್ನು ಹಿರಿಯರು ಮಾಡಿನ ಅಡ್ಡಕ್ಕೆ ಕಟ್ಟಿದ ಸೌತೆಯಿಂದಲೇ ತೋರಿಸಿದ್ದರು. ಮುಂದಿನ ಮಳೆಗೆ ಮೊದಲು ನೀವೂ ಒಂದು ಹಿಡಿ ಬೀಜವನ್ನು ತೆಗೆದಿರಿಸಿರಿ.