ಕೊರಳಿನ ಹಲಗೆಯಿಂದ ಹೊಸ ಕಟ್ಟಡದವರೆಗೆ: ವೇಲ್ಸಿನ ಶಾಲೆ, ವೇಲ್ಸಿನ ಭಾಷೆ

ಅಂಗೈಯಗಲದ ಒಂದು ಮರದ ತುಂಡು. ಅದರಲ್ಲಿ ಕೊರೆದ ಎರಡು ಅಕ್ಷರಗಳು: ಡಬ್ಲ್ಯು ಮತ್ತು ಎನ್. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಅನೇಕ ಶಾಲೆಗಳಲ್ಲಿ ತಾಯಿಮಾತನ್ನಾಡಿದ ಮಗುವಿನ ಕೊರಳಿಗೆ ಈ ಹಲಗೆಯನ್ನು ತೂಗುಹಾಕುತ್ತಿದ್ದರು. ‘ವೆಲ್ಷ್ ನಾಟ್’ ಎಂದು ಅದರ ಹೆಸರು. ವೆಲ್ಷ್ ಕೂಡದು ಎಂದು ಅರ್ಥ. ಮತ್ತೊಂದು ಮಗು ವೆಲ್ಷ್ ಮಾತನಾಡುವುದು ಕೇಳಿಬಂದರೆ ಹಲಗೆ ಅದರ ಕೊರಳಿಗೆ ದಾಟುತ್ತಿತ್ತು. ಸಂಜೆ ಗಂಟೆ ಬಾರಿಸುವಾಗ ಯಾರ ಕೊರಳಿನಲ್ಲಿ ಉಳಿದಿದೆಯೋ ಅವರಿಗೆ ಏಟು. ಯಾವ ಕಾನೂನೂ ಇದನ್ನು ವಿಧಿಸಿರಲಿಲ್ಲ ಎಂಬುದೇ ಇದರಲ್ಲಿ ಹೆಚ್ಚು ನೋವಿನ ಸಂಗತಿ. ಇಂಗ್ಲಿಷ್ ಕಲಿತರೆ ಮಗನಿಗೆ ಹೊಟ್ಟೆಪಾಡಾದೀತು ಎಂದು ನಂಬಿದ ಎಷ್ಟೋ ತಂದೆತಾಯಿಗಳೂ ಇದಕ್ಕೆ ಸಮ್ಮತಿಸಿದ್ದರು.

ವೆಲ್ಷ್ ಬಾರದ ಮೂವರು ಆಯುಕ್ತರು ಆ ನಾಡಿನ ಶಾಲೆಗಳನ್ನು ಪರಿಶೀಲಿಸಿ 1847ರಲ್ಲಿ ಸಲ್ಲಿಸಿದ ಸರ್ಕಾರಿ ವರದಿಯು ಜನರ ಹಿಂದುಳಿದಿರುವಿಕೆಗೆ ಅವರ ಭಾಷೆಯನ್ನೇ ಹೊಣೆಯಾಗಿಸಿತು. ಆ ಸಂಪುಟಗಳ ನೀಲಿ ಹೊದಿಕೆಯಿಂದಾಗಿ ವೇಲ್ಸಿನವರು ಇಂದಿಗೂ ಅದನ್ನು ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ಕರೆಯುತ್ತಾರೆ.

ಕೊರಳಿಗೆ ಹಲಗೆ ಹಾಕಿಸಿಕೊಂಡ ಮಕ್ಕಳಲ್ಲಿ ಓವೆನ್ ಮಾರ್ಗನ್ ಎಡ್ವರ್ಡ್ಸ್ ಒಬ್ಬರು. ಆ ಅನುಭವವನ್ನು ಅವರು ಮುಂದೆ ಬರೆದಿಟ್ಟರು; 1907ರಲ್ಲಿ ವೇಲ್ಸಿನ ಶಾಲೆಗಳ ಮೊದಲ ಮುಖ್ಯ ಪರಿವೀಕ್ಷಕರಾಗಿ ತಾಯಿಮಾತಿನ ಬೋಧನೆಗೆ ಒತ್ತಾಸೆಯಾದರು. ಅವರ ಮಗ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ 1922ರಲ್ಲಿ ‘ಉರ್ದ್’ ಎಂಬ ವೆಲ್ಷ್ ಬಾಲಜನ ಸಂಘವನ್ನು ಕಟ್ಟಿದರು. 1939ರಲ್ಲಿ ಯುದ್ಧ ಆರಂಭವಾಗಿ ಇಂಗ್ಲಿಷ್ ನಗರಗಳ ಮಕ್ಕಳು ಸುರಕ್ಷತೆಗಾಗಿ ಅಬರಿಸ್ಟ್‌ವಿತ್ ಪಟ್ಟಣಕ್ಕೆ ಬಂದಾಗ, ಅಲ್ಲಿನ ತರಗತಿಗಳಲ್ಲಿ ವೆಲ್ಷ್ ಮುಳುಗಿಹೋಗುವ ಭೀತಿ ಉಂಟಾಯಿತು. ಇವಾನ್ ಅವರು ಏಳು ಮಕ್ಕಳನ್ನು ಕೂಡಿಸಿ, ನೋರಾ ಐಸಾಕ್ ಎಂಬ ತರುಣ ಶಿಕ್ಷಕಿಯ ಕೈಯಲ್ಲಿ ವೆಲ್ಷ್ ಮಾಧ್ಯಮದ ಖಾಸಗಿ ಶಾಲೆಯೊಂದನ್ನು ತೆರೆದರು. ಏಳೇ ಮಕ್ಕಳು! ಇಂದು ಅಷ್ಟು ಹಾಜರಿಯಿದ್ದರೆ ಯಾವ ಇಲಾಖೆಯಾದರೂ ಬೀಗ ಹಾಕಲು ಬರುತ್ತಿತ್ತು.

ಸ್ಥಳೀಯ ಆಡಳಿತವೇ ನಡೆಸುವ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆ 1947ರಲ್ಲಿ ಲನೆಲ್ಲಿ ಪಟ್ಟಣದಲ್ಲಿ ಆರಂಭವಾಯಿತು. ಮೊದಲ ಪ್ರೌಢಶಾಲೆ ‘ಗ್ಲಾನ್ ಕ್ಲೂಯಿಡ್’ ರಿಲ್ ಪಟ್ಟಣದಲ್ಲಿ ತೆರೆದದ್ದು 1956ರಲ್ಲಿ. ಗಡಿನಾಡ ಓದುಗರಿಗೆ ಆ ವರ್ಷವನ್ನು ನೆನಪಿಸಬೇಕಾಗಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದೂ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ.

ವೇಲ್ಸಿನ ಶಾಲೆಗಳನ್ನು ಬೆಳೆಸಿದವರು ಬಹುಮಟ್ಟಿಗೆ ಪೋಷಕರು. ಅರ್ಜಿ ಬರೆದರು, ಮನೆಮನೆ ತಿರುಗಿ ಹೆಸರು ಕೂಡಿಸಿದರು. 1971ರಲ್ಲಿ ಶಿಶುವಿಹಾರಗಳ ಚಳವಳಿಯೇ ಸಂಘಟಿತವಾಯಿತು. ಪ್ರಾಥಮಿಕಕ್ಕೆ ಬರುವ ಮೊದಲೇ ಭಾಷೆ ಮಗುವಿನ ಕಿವಿಗೆ ಬಿದ್ದಿರಬೇಕು ಎಂಬುದು ಅದರ ಆಲೋಚನೆ. ಗಮನಿಸಬೇಕಾದದ್ದೆಂದರೆ, ಆಗ್ನೇಯ ವೇಲ್ಸಿನ ಹಳೆಯ ಕಲ್ಲಿದ್ದಲು ಕಣಿವೆಗಳಲ್ಲಿಯೂ ರಾಜಧಾನಿ ಕಾರ್ಡಿಫ್‌ನಲ್ಲಿಯೂ ಈ ಶಾಲೆಗಳಿಗೆ ಬರುವ ಹೆಚ್ಚಿನ ಮಕ್ಕಳ ಮನೆಮಾತು ವೆಲ್ಷ್ ಅಲ್ಲ. ಅಜ್ಜ ಕಳೆದುಕೊಂಡದ್ದನ್ನು ಮೊಮ್ಮಗಳು ಶಾಲೆಯಲ್ಲಿ ಮರಳಿ ಪಡೆಯುತ್ತಿದ್ದಾಳೆ. ನಡುವಿನ ತಲೆಮಾರು ಮನೆಪಾಠದ ಪುಸ್ತಕ ಹಿಡಿದು ಅರ್ಥವಾಗದೆ ಕುಳಿತಿದೆ. ಮಗುವಿಗೆ ನಾವು ನೆರವಾಗುವುದು ಹೇಗೆ, ಮುಂದೆ ಅದರ ಇಂಗ್ಲಿಷ್ ಸೊರಗದೇ ಎಂಬ ಪ್ರಶ್ನೆಗಳು ಅಲ್ಲಿಯೂ ಪ್ರವೇಶದ ಋತುವಿನಲ್ಲಿ ತಪ್ಪದೆ ಬರುತ್ತವೆ. ವೆಲ್ಷ್ ಮಾಧ್ಯಮದಲ್ಲಿ ಓದಿದ ಮಗು ಎರಡೂ ಭಾಷೆಗಳಲ್ಲಿ ಓದಿ ಬರೆಯಬಲ್ಲದು ಎಂಬುದೇ ಶಾಲೆಗಳು ಕೊಡುವ ಉತ್ತರ.

ಈಗ ಕಟ್ಟಡಗಳ ವಿಷಯ. ‘21ನೆಯ ಶತಮಾನದ ಶಾಲೆಗಳು’ ಎಂಬ ಯೋಜನೆಯಡಿ 2014ರಿಂದ 2019ರವರೆಗಿನ ಮೊದಲ ಹಂತದಲ್ಲಿ 140 ಕೋಟಿ ಪೌಂಡುಗಳನ್ನು ವೇಲ್ಸ್ ಸರ್ಕಾರ ಮತ್ತು ಸ್ಥಳೀಯ ಆಡಳಿತಗಳು ಕೂಡಿ ವಿನಿಯೋಗಿಸಿದವು; ಎರಡನೆಯ ಹಂತಕ್ಕೆ 230 ಕೋಟಿ ಪೌಂಡುಗಳ ಯೋಜನೆ ಹಾಕಿಕೊಂಡವು. ಸೋರುವ ಮಾಡು, ತಾತ್ಕಾಲಿಕ ಕೊಠಡಿಗಳ ಬದಲು ಬೆಳಕು ತುಂಬಿದ ತರಗತಿಗಳು ಬಂದವು. ಕಾರ್ಡಿಫ್‌ನ ಹಳೆಯ ಬಂದರು ಪ್ರದೇಶವಾದ ಬ್ಯೂಟ್‌ಟೌನ್‌ನಲ್ಲಿ, ಹಲವು ದೇಶಗಳಿಂದ ಬಂದ ಕುಟುಂಬಗಳ ನಡುವೆ, ‘ಹಮಾಡ್ರಿಯಾಡ್’ ಎಂಬ ವೆಲ್ಷ್ ಮಾಧ್ಯಮ ಶಾಲೆಗೆ ಹೊಸ ಕಟ್ಟಡವೇ ದೊರೆಯಿತು.

ಆದರೆ ಗ್ರಾಮಾಂತರದಲ್ಲಿ ಆಧುನೀಕರಣವೆಂದರೆ ಬಹಳ ಸಲ ಮೂರು ನಾಲ್ಕು ಕಿರಿಯ ಶಾಲೆಗಳನ್ನು ಮುಚ್ಚಿ ಒಂದು ದೊಡ್ಡ ಶಾಲೆ ಕಟ್ಟುವುದು. ಆಡಳಿತದ ಲೆಕ್ಕ ಸುಳ್ಳಲ್ಲ: ಇಪ್ಪತ್ತು ಮಕ್ಕಳ ಶಾಲೆಯಲ್ಲಿ ತಲಾ ವೆಚ್ಚ ಹೆಚ್ಚು, ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸಬೇಕು. ಆದರೂ ವೆಲ್ಷ್ ಇನ್ನೂ ಬೀದಿಯ ಮಾತಾಗಿ ಉಳಿದಿರುವ ಹಳ್ಳಿಗಳಲ್ಲಿ ಶಾಲೆಯೇ ಆ ಮಾತಿನ ಕೊನೆಯ ಅಂಗಳ. ಅದು ಮುಚ್ಚಿದರೆ ಎಳೆಯ ಕುಟುಂಬಗಳು ಪಟ್ಟಣದ ಕಡೆ ಸರಿಯುತ್ತವೆ. ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ವಿಭಾಗವೂ ಒಂದೇ ಆವರಣದಲ್ಲಿದ್ದರೆ, ಪಾಠ ಯಾವ ಭಾಷೆಯಲ್ಲಿದ್ದರೂ ಆಟ ಇಂಗ್ಲಿಷಿಗೆ ಹೊರಳುತ್ತದೆ. ಈ ಅನುಭವದ ಭಾರದಿಂದಲೇ 2018ರಲ್ಲಿ ಶಾಲಾ ಸಂಘಟನೆಯ ಸಂಹಿತೆಗೆ ಹೊಸ ನಿಯಮ ಸೇರಿತು: ಗ್ರಾಮೀಣ ಶಾಲೆ ಮುಚ್ಚಬಾರದು ಎಂಬುದೇ ಮೊದಲ ಎಣಿಕೆ, ಮುಚ್ಚಲೇಬೇಕೆನ್ನುವವರು ಬೇರೆ ದಾರಿಗಳನ್ನೆಲ್ಲ ಪರಿಶೀಲಿಸಿದ್ದೇವೆಂದು ತೋರಿಸಬೇಕು. ಅದಾದ ಮೇಲೂ ಶಾಲೆಗಳು ಮುಚ್ಚಿವೆ. ಆದರೆ ಕಾರಣ ಹೇಳುವ ಹೊಣೆ ಊರಿನವರಿಂದ ಕಚೇರಿಗೆ ವರ್ಗವಾಗಿದೆ. ಅದೇನೂ ಸಣ್ಣ ಮಾತಲ್ಲ.

ವಾಯವ್ಯದ ಗ್ವಿನೆದ್ ಜಿಲ್ಲೆಯ ವ್ಯವಸ್ಥೆ ಇನ್ನೊಂದು ಬಗೆಯದು. ಹೊರಗಿನಿಂದ ಬಂದ, ವೆಲ್ಷ್ ಬಾರದ ಮಕ್ಕಳು ಊರಿನ ಶಾಲೆಗೆ ನೇರ ಹೊಕ್ಕರೆ ಇಡೀ ತರಗತಿಯ ಮಾತು ಬದಲಾಗುತ್ತದೆ. ಆದುದರಿಂದ ಆ ಮಕ್ಕಳು ಸುಮಾರು ಒಂದು ಶಾಲಾ ಅವಧಿಯ ಕಾಲ ಭಾಷಾ ನಿಮಜ್ಜನ ಕೇಂದ್ರಕ್ಕೆ ಹೋಗಿ, ಮಾತು ಕಲಿತು, ಬಳಿಕ ತಮ್ಮ ಶಾಲೆಗೆ ಮರಳುತ್ತಾರೆ. ಇತ್ತೀಚೆಗೆ ಅಲ್ಲಿ ‘ಅಬರ್‌ವ್ಲಾ’ ಎಂಬ ಕಂಪ್ಯೂಟರ್ ಹಳ್ಳಿಯೊಂದೂ ಸಿದ್ಧವಾಗಿದೆ. ಪರದೆಯ ಮೇಲಿನ ಆ ಹಳ್ಳಿಯಲ್ಲಿ ಸುತ್ತಾಡುತ್ತ ಮಗು ದಿನನಿತ್ಯದ ಮಾತು ರೂಢಿಸಿಕೊಳ್ಳುತ್ತದೆ.

ಇಷ್ಟೆಲ್ಲ ಆದರೂ ಅಂಕಿಗಳು ಸಂತೋಷ ಕೊಡುವುದಿಲ್ಲ. 1911ರಲ್ಲಿ ವೇಲ್ಸಿನ ಶೇ. 43.5 ಮಂದಿ ವೆಲ್ಷ್ ಬಲ್ಲವರಾಗಿದ್ದರು. 2021ರ ಜನಗಣತಿಯಲ್ಲಿ ಅವರು ಶೇ. 17.8, ಅಂದರೆ ಸುಮಾರು 5,38,000. 5ರಿಂದ 15 ವಯಸ್ಸಿನವರಲ್ಲಿ ಹತ್ತು ವರ್ಷಗಳಲ್ಲಿ ಪ್ರಮಾಣ ಶೇ. 40.3ರಿಂದ 34.3ಕ್ಕೆ ಕುಸಿಯಿತು. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ವೆಲ್ಷ್ ಕಡ್ಡಾಯ ವಿಷಯವಾಗಿದ್ದರೂ, ವಾರಕ್ಕೆ ಕೆಲವು ತಾಸಿನ ಪಾಠದಿಂದ ಮಾತುಗಾರರು ಹುಟ್ಟಲಿಲ್ಲ. 2050ರ ವೇಳೆಗೆ ಹತ್ತು ಲಕ್ಷ ಮಂದಿ ಎಂಬ ಗುರಿಯನ್ನು ಸರ್ಕಾರ 2017ರಲ್ಲಿ ಘೋಷಿಸಿದೆ. ಅದಕ್ಕಾಗಿ ವೆಲ್ಷ್ ಮಾಧ್ಯಮದಲ್ಲಿ ಓದುವ ಮಕ್ಕಳ ಪಾಲು 2031ಕ್ಕೆ ಶೇ. 30, 2050ಕ್ಕೆ ಶೇ. 40 ಆಗಬೇಕು. 2025ರಲ್ಲಿ ಅಂಗೀಕಾರವಾದ ವೆಲ್ಷ್ ಭಾಷೆ ಮತ್ತು ಶಿಕ್ಷಣ ಕಾಯಿದೆ ಇಂಗ್ಲಿಷ್ ಪ್ರಧಾನ ಶಾಲೆಗಳಲ್ಲಿಯೂ ಕನಿಷ್ಠ ಶೇ. 10ರಷ್ಟು ಬೋಧನೆ ವೆಲ್ಷ್‌ನಲ್ಲಿರಬೇಕೆಂಬ ಮೆಟ್ಟಿಲನ್ನು ಹಾಕಿದೆ.

ತೊಡಕು ಇರುವುದು ಶಿಕ್ಷಕರಲ್ಲಿ. ವಿಜ್ಞಾನ, ಗಣಿತಗಳನ್ನು ವೆಲ್ಷ್‌ನಲ್ಲಿ ಕಲಿಸಬಲ್ಲವರು ಪ್ರೌಢಶಾಲೆಗಳಿಗೆ ಸಾಕಷ್ಟು ದೊರೆಯುತ್ತಿಲ್ಲ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಶಾಲೆಯ ಗೇಟಿನೆದುರು ನಿಂತ ಕಾಸರಗೋಡಿನ ಪೋಷಕರಿಗೆ ಈ ಕೊರತೆಯ ರುಚಿ ಗೊತ್ತಿದೆ. ವೇಲ್ಸಿನಲ್ಲಿ ಇದಕ್ಕೊಂದು ಏರ್ಪಾಡು ಇದೆ. ಕೆಲಸದಲ್ಲಿರುವ ಶಿಕ್ಷಕರು ವರ್ಷವಿಡೀ ತರಗತಿಯಿಂದ ಬಿಡುಗಡೆ ಪಡೆದು ವೆಲ್ಷ್ ಕಲಿಯಬಹುದು. ಅಷ್ಟು ಕಾಲ ಸಂಬಳ ನಿಲ್ಲುವುದಿಲ್ಲ, ಅವರ ಜಾಗದಲ್ಲಿ ಪಾಠ ಮಾಡುವವರ ವೆಚ್ಚಕ್ಕೆ ಸರ್ಕಾರ ಹಣ ಕೊಡುತ್ತದೆ. ನಲುವತ್ತರ ವಯಸ್ಸಿನ ಗಣಿತದ ಮೇಷ್ಟರು ಅಲ್ಲಿ ಮತ್ತೆ ಬೆಂಚಿನ ಮೇಲೆ ಕುಳಿತು, ಹೊಸದಾಗಿ ಎಣಿಕೆ ಕಲಿಯುತ್ತಾರೆ.