ತೊಟ್ಟಿಲ ತೂಕ, ಐವತ್ತು ವರ್ಷದ ಲೆಕ್ಕ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯೆಲ್ಲ ಹೆರಿಗೆ ವಾರ್ಡಿನ ಪುಸ್ತಕ ಸೇರುತ್ತಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು ಮನೆಮನೆ ಹುಡುಕಿ ಹೊರಟಾಗ ಅಂದಿನ ಕೂಸುಗಳ ತಲೆ ನರೆತಿತ್ತು. ಸಿಕ್ಕವರಲ್ಲಿ 517 ಮಂದಿಯ ಹೃದಯ ತಪಾಸಣೆಯ ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗ. ಮೂರು ಕಿಲೋ ಮೀರಿ ತೂಗಿದ್ದವರಲ್ಲಿ ಶೇ 3.

ಹಳೆಯ ಪುಸ್ತಕ ಸಾಲದಾಯಿತು. 1997–98ರಲ್ಲಿ ಅದೇ ಆಸ್ಪತ್ರೆಯ 830 ಗರ್ಭಿಣಿಯರಿಂದ 'ಪಾರ್ಥೆನಾನ್' ಅಧ್ಯಯನ ಶುರುವಾಯಿತು. ಅವರಲ್ಲಿ ಶೇ 43ರಷ್ಟು ತಾಯಂದಿರಿಗೆ ಬಿ12 ಜೀವಸತ್ವದ ಕೊರತೆಯಿತ್ತೆಂದು ತಿಳಿದದ್ದು ಈ ಅಧ್ಯಯನದಿಂದಲೇ. ಮಕ್ಕಳು ಬೆಳೆದಂತೆ ಮತ್ತೆ ಮತ್ತೆ ಕರೆ ಬಂತು: ಖಾಲಿ ಹೊಟ್ಟೆ, ಗ್ಲೂಕೋಸ್ ನೀರು, ಸೂಜಿ. ಹದಿಮೂರೂವರೆಯ ವಯಸ್ಸಿನಲ್ಲಿ ಕೆಲವರಿಗೆ ವಿಚಿತ್ರವೆನಿಸುವ ಪರೀಕ್ಷೆಯೊಂದು ಕಾದಿತ್ತು. ಗುರುತೇ ಇಲ್ಲದ ಇಬ್ಬರ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು, ಇನ್ನೈದು ನಿಮಿಷ ಬಾಯಿಲೆಕ್ಕ ಮಾಡಬೇಕು. ಒತ್ತಡಕ್ಕೆ ಮೈ ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಲು ಎಂಜಲು ತೆಗೆದುಕೊಳ್ಳುತ್ತಿದ್ದರು. ಶಾಲೆಯ ಪರೀಕ್ಷೆಯೇ ಸಾಕಾಗಿದ್ದ ವಯಸ್ಸಿಗೆ ಇದೊಂದು ಬೇರೆ!

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಸರದಿ ಹಿರಿಯರದು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಮರೆವಿನ ಕಾಯಿಲೆ ಬಂದವರಲ್ಲ, ಬಾರದವರೇ ಬೇಕು. ಆರಾಮಾಗಿರುವವರು ರಕ್ತ ಕೊಟ್ಟು, ನೆನಪಿನ ಪರೀಕ್ಷೆಗೆ ಕೂತು, ಸ್ಕ್ಯಾನಿಗೆ ಮಲಗಬೇಕು. ಕೂಲಿಯ ದಿನ ಬಿಟ್ಟು ಬರುವವರಿಗೆ ಇದು ಸಣ್ಣ ಮಾತಲ್ಲ.

ಕಲಬುರಗಿ ಜಿಲ್ಲೆಯ ಜೇವರ್ಗಿ, ಅಫಜಲಪುರ, ಆಳಂದದ ಕಡೆ ಇಂಥ ಅಧ್ಯಯನ ಬಂದರೆ ತೊಡಕು ಇನ್ನೂ ದೊಡ್ಡದು. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋದವರನ್ನು ಮುಂದಿನ ವರ್ಷ ಎಲ್ಲಿ ಹುಡುಕುವುದು? ಹಾಗಂತ ಅವರನ್ನು ಬಿಟ್ಟರೆ ಬಿಸಿಲಲ್ಲಿ ದುಡಿಯುವ ಮೈಗಳ ಲೆಕ್ಕವೇ ತಪ್ಪಿಹೋಗುತ್ತದೆ.

ಇಂಥ ಅಧ್ಯಯನಕ್ಕೆ ಸೇರಿ ಎಂದು ಯಾರಾದರೂ ಬಂದು ಕೇಳಿದರೆ ಮೊದಲು ಕನ್ನಡದ ಮಾಹಿತಿ ಪತ್ರ ಓದಿಸಿಕೊಳ್ಳಿ. ಹೆಬ್ಬೆಟ್ಟು ಒತ್ತುವವರ ಪಕ್ಕದಲ್ಲಿ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಲೇಬೇಕು. ಬೇಡವೆನಿಸಿದರೆ ನಡುವೆಯೇ ಬಿಡಬಹುದು. ಅದರಿಂದ ಚಿಕಿತ್ಸೆ ನಿಲ್ಲುವಂತಿಲ್ಲ. ನಿಮ್ಮ ರಕ್ತದ ವರದಿ ಕೇಳಿ. ಒಪ್ಪಿಗೆ ಪತ್ರದ ಪ್ರತಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.