ವಿಂಡರ್‌ಮಿಯರ್‌ನ ನೀರು ಯಾರ ಪಾಲಿಗೆ

ಸಾರ್ವಜನಿಕ ಸರೋವರದಲ್ಲಿ ನಡೆಯುವ ಜಲಕ್ರೀಡೆಗಳೆಲ್ಲ ಒಂದೇ ನೀರನ್ನು ಬಳಸಿದರೂ ಆ ನೀರು ಹೇಗಿರಬೇಕೆಂಬ ವಿಷಯದಲ್ಲಿ ಅವುಗಳಿಗೆ ಹೊಂದಾಣಿಕೆಯಿಲ್ಲ. ಹುಟ್ಟು ಹಾಕುವ ಪಂದ್ಯದ ದೋಣಿ ಕಿರಿದೂ ಹಗುರವೂ ಆಗಿರುವುದರಿಂದ ಅದಕ್ಕೆ ಅಲೆಯಿಲ್ಲದ ನೀರು ಬೇಕು. ಹುಟ್ಟು ಹಾಕುವವರು ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುವುದರಿಂದ ಮುಂದಿರುವ ಈಜುಗಾರ ಅವರಿಗೆ ಕಾಣದೆ ಹೋಗಬಹುದು. ಹಾಯಿದೋಣಿಯು ಗಾಳಿಗೆದುರಾಗಿ ನೇರ ಸಾಗಲಾರದೆ ಅತ್ತಿಂದಿತ್ತ ಓರೆಯಾಗಿ ತಿರುಗುತ್ತ ಸರೋವರದ ಅಗಲವನ್ನೆಲ್ಲ ಬಳಸುತ್ತದೆ. ವಾಟರ್ ಸ್ಕೀಯಿಂಗ್, ಎಂದರೆ ಮೋಟಾರು ದೋಣಿ ಎಳೆಯುವ ಹಗ್ಗವನ್ನು ಹಿಡಿದು, ಕಾಲಿಗೆ ಹಲಗೆ ತೊಟ್ಟು ನೀರಿನ ಮೇಲೆ ಜಾರುವ ಆಟವಾದರೋ, ವೇಗ ತಗ್ಗಿದೊಡನೆ ಆಟಗಾರ ಮುಳುಗುವುದರಿಂದ, ವೇಗವಿಲ್ಲದೆ ನಡೆಯುವುದೇ ಇಲ್ಲ.

ಮೋಟಾರು ದೋಣಿಯ ವೇಗ ತಗ್ಗಿದಷ್ಟೂ ಅಲೆ ತಗ್ಗುತ್ತದೆ ಎಂಬ ಎಣಿಕೆ ಪೂರ್ತಿ ಸರಿಯಲ್ಲ. ತೀರ ನಿಧಾನವಾಗಿ ನೀರನ್ನು ಸೀಳಿ ಸಾಗುವ ದೋಣಿ ಸಣ್ಣ ಅಲೆಯನ್ನೇ ಎಬ್ಬಿಸುತ್ತದೆ; ವೇಗ ಏರಿದಂತೆ ಅದರ ಮೂತಿ ಮೇಲೆದ್ದು ಹಿಂಭಾಗ ಕುಸಿಯುವ ನಡುಹಂತದಲ್ಲಿ ಅಲೆ ಅತಿ ದೊಡ್ಡದಾಗುತ್ತದೆ; ಇನ್ನೂ ವೇಗ ಹೆಚ್ಚಿದರೆ ದೋಣಿ ನೀರಿನ ಮೇಲೆ ಜಾರತೊಡಗಿ ಅಲೆ ಮತ್ತೆ ಇಳಿಯುತ್ತದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಎರಡರಷ್ಟು ಎತ್ತರದ ಅಲೆ ದಡಕ್ಕೆ ನಾಲ್ಕರಷ್ಟು ಶಕ್ತಿಯಿಂದ ಬಡಿಯುತ್ತದೆ. ಹೀಗಾಗಿ ಯೋಚಿಸದೆ ಆರಿಸಿದ ವೇಗಮಿತಿಯು ದೋಣಿಗಳನ್ನು ಆ ಕೆಟ್ಟ ನಡುಹಂತದಲ್ಲಿಯೇ ನಿಲ್ಲಿಸುವ ಸಂಭವವುಂಟು.

ವೇಗಮಿತಿ ಎಂಬ ಸಾಧನದ ಬಲವೂ ಅದರ ಪಕ್ಷಪಾತವೂ ಇಂಗ್ಲೆಂಡಿನ ಅತಿ ದೊಡ್ಡ ಸಹಜ ಸರೋವರವಾದ ವಿಂಡರ್‌ಮಿಯರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸುಮಾರು 17 ಕಿ.ಮೀ. ಉದ್ದವಿದ್ದರೂ ಅಗಲದಲ್ಲಿ ಎರಡು ಕಿ.ಮೀ. ಮುಟ್ಟದ ಈ ಸರೋವರದಲ್ಲಿ ದೋಣಿ ನಡೆಸುವುದು ಸಾರ್ವಜನಿಕ ಹಕ್ಕು. ಇಲ್ಲಿ ವೇಗದ ನಂಟು ಹಳೆಯದು; 1930ರಲ್ಲಿ ಜಲವೇಗದ ದಾಖಲೆ ಮಾಡಿದ ಹೆನ್ರಿ ಸೆಗ್ರೇವ್ ಮಡಿದದ್ದು ಇದೇ ನೀರಿನಲ್ಲಿ. ಸುತ್ತಲಿನ ಅಲ್ಸ್‌ವಾಟರ್, ಕೊನಿಸ್ಟನ್, ಡರ್ವೆಂಟ್‌ವಾಟರ್ ಸರೋವರಗಳಿಗೆ ಮೊದಲೇ ವೇಗಮಿತಿ ಬಿದ್ದಿದ್ದರಿಂದ ವೇಗದ ದೋಣಿಗಳೆಲ್ಲ ವಿಂಡರ್‌ಮಿಯರ್‌ಗೇ ಬಂದು ಸೇರಿದವು; ಬೇರೆಡೆಯ ನೆಮ್ಮದಿಯ ಬೆಲೆಯನ್ನು ಈ ಸರೋವರ ತೆರಬೇಕಾಯಿತು ಎಂದರೆ ತಪ್ಪಾಗದು. ಬಹಿರಂಗ ವಿಚಾರಣೆ, ನ್ಯಾಯಾಲಯದ ವ್ಯಾಜ್ಯಗಳ ನಂತರ 2000ದಲ್ಲಿ ಒಪ್ಪಿಗೆ ಪಡೆದ ಉಪನಿಯಮವು, ಹೊಂದಿಕೊಳ್ಳಲು ಐದು ವರ್ಷದ ಕಾಲಾವಕಾಶ ಕೊಟ್ಟು, 2005ರ ಮಾರ್ಚ್‌ನಲ್ಲಿ ಜಾರಿಗೆ ಬಂತು; ಅದು ವಿಧಿಸಿದ ಮಿತಿ ಗಂಟೆಗೆ 10 ನಾಟಿಕಲ್ ಮೈಲಿ, ಎಂದರೆ 18.5 ಕಿ.ಮೀ.

ಈ ಮಿತಿ ಕಾಗದದ ಮೇಲೆ ಎಲ್ಲ ಮೋಟಾರು ದೋಣಿಗಳಿಗೂ ಒಂದೇ. ಆದರೆ ವಯಸ್ಕರ ಸ್ಕೀಯಿಂಗಿಗೆ ಸಾಮಾನ್ಯವಾಗಿ ಇದರ ದುಪ್ಪಟ್ಟಿಗೂ ಮೀರಿದ ವೇಗ ಬೇಕಾದ್ದರಿಂದ, ಆ ಆಟದ ಹೆಸರನ್ನೇ ಎತ್ತದೆ ಅದನ್ನು ಹೊರಗಿಟ್ಟಂತಾಯಿತು, ಹಾಯಿದೋಣಿಗೆ ಮಾತ್ರ ನಷ್ಟವೇನೂ ಆಗಲಿಲ್ಲ. ವಿಂಡರ್‌ಮಿಯರ್ ಇರುವಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಸಂರಕ್ಷಣೆಗೂ ವಿಹಾರಕ್ಕೂ ಘರ್ಷಣೆಯಾದಾಗ ಸಂರಕ್ಷಣೆಯೇ ಮೇಲೆಂಬ ಸ್ಯಾಂಡ್‌ಫರ್ಡ್ ತತ್ತ್ವ 1995ರ ಪರಿಸರ ಕಾಯಿದೆಯಲ್ಲಿ ಸೇರಿದ್ದು ನಿಜವಾದರೂ, ಇಲ್ಲಿ ಎದುರುಬದುರಾದದ್ದು ಬಹುಮಟ್ಟಿಗೆ ಒಂದು ವಿಹಾರ ಮತ್ತು ಇನ್ನೊಂದು ವಿಹಾರ.

ವೇಗಮಿತಿಯೊಂದೇ ದಾರಿಯಲ್ಲ. ಜಾಗವನ್ನು ಬೋಯಾಗಳಿಂದ, ಎಂದರೆ ಲಂಗರು ಹಾಕಿದ ತೇಲುಗುರುತುಗಳಿಂದ, ವಿಂಗಡಿಸುವುದು ವಿಶಾಲ ಸರೋವರಗಳಿಗೆ ಒಗ್ಗುತ್ತದೆ. ಕಿರಿದಾದ ನೀರಿಗೆ ಕಾಲದ ಹಂಚಿಕೆಯೇ ವಾಸಿ. ಡೊನಾಲ್ಡ್ ಕ್ಯಾಂಪ್‌ಬೆಲ್ 1967ರಲ್ಲಿ ಜಲವೇಗದ ದಾಖಲೆಯ ಯತ್ನದಲ್ಲಿ ಪ್ರಾಣ ತೆತ್ತ ಕೊನಿಸ್ಟನ್‌ನಲ್ಲಿ ವರ್ಷವಿಡೀ ವೇಗಮಿತಿಯಿದ್ದರೂ, ವಿಹಾರಿಗರು ವಿರಳವಾದ ಶರತ್ಕಾಲದ ಕೊನೆಯಲ್ಲಿ ಮೋಟಾರು ದೋಣಿಗಳ ದಾಖಲೆ ಸಪ್ತಾಹಕ್ಕಾಗಿ ಅದನ್ನು ಸಡಿಲಿಸುವ ಪದ್ಧತಿ ಬೆಳೆದುಬಂದಿದೆ.